ಹಗಲು ಮಲಗುವವರಿಗೊಂದು ಲಾಡ್ಜು

ಶಿವಮೊಗ್ಗದ ದುರ್ಗಿಗುಡಿಯ ಹಿಂಬದಿಯ ಒಂದು ಅಡ್ಡರಸ್ತೆಯಲ್ಲಿ ಹನ್ನೊಂದು ಕೋಣೆಗಳ ಹಳೆಯ ಲಾಡ್ಜೊಂದಿದೆ. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಲಾಡ್ಜುಗಳ ಬಗ್ಗೆ ಬರೆಯುವವರು ಬಸ್ ನಿಲ್ದಾಣಕ್ಕೆ ಎಷ್ಟು ದೂರ, ಬಿಸಿನೀರು ಎಷ್ಟು ಗಂಟೆಯವರೆಗೆ ಬರುತ್ತದೆ, ಕಾರು ನಿಲ್ಲಿಸಲು ಜಾಗವಿದೆಯೇ, ಜೋಗಕ್ಕೋ ಆಗುಂಬೆಗೋ ಹೋಗಲು ಗಾಡಿ ಮಾಡಿಕೊಡುತ್ತಾರೆಯೇ ಎಂದು ಬರೆಯುತ್ತಾರೆ. ನಾನು ಅಲ್ಲಿಗೆ ಹೋಗಿದ್ದು ಮತ್ತು ಈಗಲೂ ಹೋಗುತ್ತಿರುವುದು ಒಂದೇ ಕೆಲಸಕ್ಕೆ: ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನಿದ್ದೆ ಮಾಡುವುದಕ್ಕೆ. ಹಾಗಾಗಿ ಈ ಬರಹವೂ ಅದೊಂದನ್ನೇ ಕುರಿತದ್ದು.

ನಾನು ಶುಶ್ರೂಷಕಿ. ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಶಿವಮೊಗ್ಗದಿಂದ ಬಸ್ಸಿನಲ್ಲಿ ಎರಡು ಗಂಟೆಗೂ ಮೀರಿದ ದಾರಿ. 2020ರ ಜುಲೈಯಿಂದ 2021ರ ಆಗಸ್ಟ್‌ವರೆಗೆ ಕೋವಿಡ್ ವಾರ್ಡಿನ ರಾತ್ರಿ ಪಾಳಿ ಇದ್ದಾಗಲೆಲ್ಲ ಈ ಲಾಡ್ಜಿನಲ್ಲಿ ಉಳಿದೆ. ಲಾಡ್ಜಿನ ಹೆಸರನ್ನು ಬರೆಯದೆ ಇರುವುದಕ್ಕೆ ಕಾರಣವಿದೆ. ಆ ವರ್ಷ ವಾರ್ಡಿನವರಿಗೆ ಕೋಣೆ ಕೊಟ್ಟರೆಂದು ಮಾಲೀಕರು ಬೀದಿಯವರಿಂದ ಕೇಳಬಾರದ ಮಾತು ಕೇಳಿದರು, ಹಾಲು ಹಾಕುವವರೂ ಕೆಲವು ದಿನ ಗೇಟಿನ ಹೊರಗೇ ಪ್ಯಾಕೆಟ್ ಇಟ್ಟು ಹೋದರು. ಹೆಸರು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ, ನಾನು ಒಪ್ಪಿದ್ದೇನೆ. ಹಿಂದೆ ಹಲಸಿನ ಮರ, ಮುಂದೆ ಕೆಂಪು ಗಾರೆಯ ಜಗಲಿ ಇರುವ ಕಟ್ಟಡ ಎಂದರೆ ಆ ಭಾಗದವರಿಗೆ ಗುರುತು ಸಿಗುತ್ತದೆ.

ಅಲ್ಲಿಗೆ ಬರುವ ಮೊದಲು ನಮಗೆ ಕೊಟ್ಟಿದ್ದ ವಸತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಲಾಡ್ಜಿನ ಬೆಲೆ ತಿಳಿಯುವುದಿಲ್ಲ. ಅದು ಒಂದು ದೊಡ್ಡ ಹಾಲ್. ಆರು ಮಂಚಗಳಲ್ಲಿ ಆರು ಜನ, ಮೂರು ಬೇರೆ ಬೇರೆ ಪಾಳಿಗಳು. ಬೆಳಗಿನ ಪಾಳಿಯವರು ಐದೂವರೆಗೆ ಎದ್ದು ಟ್ಯೂಬ್‌ಲೈಟ್ ಹಾಕುತ್ತಿದ್ದರು, ಮಧ್ಯಾಹ್ನದ ಪಾಳಿಯವರು ಹನ್ನೆರಡಕ್ಕೆ ಸ್ನಾನಕ್ಕೆ ಹೊರಡುತ್ತಿದ್ದರು, ರಾತ್ರಿ ಪಾಳಿ ಮುಗಿಸಿದ ನಾವು ಈ ಎರಡರ ನಡುವೆ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಮಲಗುತ್ತಿದ್ದೆವು. ಯಾರದೂ ತಪ್ಪಲ್ಲ, ಎಲ್ಲರೂ ದಣಿದವರೇ. ಆದರೆ ಮಂಚ, ಫ್ಯಾನು, ಊಟ ಮೂರನ್ನೂ ಒದಗಿಸಿದರೆ ಸಿಬ್ಬಂದಿಯ ವಿಶ್ರಾಂತಿಗೆ ಏರ್ಪಾಡಾಯಿತು ಎಂದು ಕಾಗದದಲ್ಲಿ ಬರೆದುಕೊಳ್ಳಬಹುದು ಎಂಬ ತಿಳಿವಳಿಕೆ ತಪ್ಪು. ಹದಿನೈದು ದಿನಗಳಲ್ಲಿ ನನಗೆ ಸಿರಿಂಜಿನ ಮೇಲಿನ ಗೆರೆಗಳನ್ನು ಎರಡು ಬಾರಿ ಎಣಿಸಿದರೂ ನಂಬಿಕೆ ಬಾರದಂತಾಗಿತ್ತು. ಮೂರನೆಯ ಬಾರಿ ಪಕ್ಕದ ಸಿಸ್ಟರ್ ಕೈಯಲ್ಲಿ ನೋಡಿಸಿ ಔಷಧಿ ಕೊಡುತ್ತಿದ್ದೆ.

ಆಗ ನಮ್ಮಲ್ಲೊಬ್ಬರು ಪಿಎಸ್‌ಕ್ಯೂಐ ಎಂಬ ಪ್ರಶ್ನಾವಳಿ ತಂದು ಎಲ್ಲರಿಗೂ ತುಂಬಲು ಕೊಟ್ಟರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 1989ರಲ್ಲಿ ಪ್ರಕಟಿಸಿದ ಈ ಅಳತೆಗೋಲಿನಲ್ಲಿ ಹಿಂದಿನ ಒಂದು ತಿಂಗಳ ನಿದ್ದೆಯ ಬಗ್ಗೆ 19 ಪ್ರಶ್ನೆಗಳಿವೆ. ನಿದ್ದೆ ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಗಂಟೆ ಉಳಿಯಿತು, ಎಷ್ಟು ಬಾರಿ ಕೆಟ್ಟಿತು, ಮಾತ್ರೆ ಬೇಕಾಯಿತೇ, ಎಚ್ಚರವಿರುವಾಗ ತೂಕಡಿಕೆ ಬಂತೇ ಎಂದೆಲ್ಲ ಕೇಳಿ ಏಳು ಅಂಶಗಳಿಗೆ ಅಂಕ ಕೊಡುತ್ತಾರೆ. ಒಟ್ಟು 21. ಅಂಕ 5ನ್ನು ದಾಟಿದರೆ ನಿದ್ದೆಯ ಗುಣಮಟ್ಟ ಸರಿಯಿಲ್ಲ ಎಂದು ಅರ್ಥ. ನನಗೆ 14 ಬಂದಿತ್ತು. ಮೊದಲ ಪ್ರಶ್ನೆಯೇ ‘ರಾತ್ರಿ ಸಾಮಾನ್ಯವಾಗಿ ಎಷ್ಟು ಗಂಟೆಗೆ ಮಲಗುತ್ತೀರಿ’ ಎಂಬುದು. ರಾತ್ರಿ ಮಲಗದವರು ಅಲ್ಲಿ ಏನು ಬರೆಯಬೇಕು? ಆ ‘ರಾತ್ರಿ’ಯನ್ನು ಹೊಡೆದು ‘ಬೆಳಿಗ್ಗೆ 9’ ಎಂದು ಬರೆದೆ. ನಿದ್ದೆಯನ್ನು ಅಳೆಯುವವರು ಕೂಡ ನಮ್ಮಂಥವರ ನಿದ್ದೆಯನ್ನು ನೆನಪಿಟ್ಟುಕೊಂಡು ಪ್ರಶ್ನೆ ಬರೆದಿರಲಿಲ್ಲ ಎಂದು ಅಂದು ಅನ್ನಿಸಿತು.

ನಮ್ಮ ಸ್ಥಿತಿ ನಮ್ಮೊಬ್ಬರದೇ ಅಲ್ಲ ಎಂಬುದು ಅದೇ ಸುಮಾರಿಗೆ ತಿಳಿಯಿತು. 2020ರ ಜನವರಿ ಕೊನೆ ಮತ್ತು ಫೆಬ್ರುವರಿ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ವೈದ್ಯರು ಮತ್ತು ದಾದಿಯರನ್ನು ಕೇಳಿದಾಗ ಶೇಕಡಾ 34ರಷ್ಟು ಜನರಲ್ಲಿ ನಿದ್ರಾಹೀನತೆಯ ಲಕ್ಷಣಗಳಿದ್ದವು. ಅದೇ ವರ್ಷ 13 ಅಧ್ಯಯನಗಳ 33,062 ಆರೋಗ್ಯ ಕಾರ್ಯಕರ್ತರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದವರು, ಅವುಗಳ ಪೈಕಿ ನಿದ್ದೆಯನ್ನು ಅಳೆದಿದ್ದ ಐದು ಅಧ್ಯಯನಗಳಲ್ಲಿ ಈ ಪ್ರಮಾಣ ಶೇಕಡಾ 38.9 ಎಂದು ಕಂಡರು. ಹತ್ತು ಜನರಲ್ಲಿ ನಾಲ್ವರು. ನಮ್ಮ ಹಾಲಿನ ಆರು ಮಂಚಗಳಲ್ಲಿ ಲೆಕ್ಕ ಹಾಕಿದರೆ ಅದಕ್ಕಿಂತ ಹೆಚ್ಚೇ ಇತ್ತು.

ಈ ಲಾಡ್ಜಿಗೆ ನಾವು ನಾಲ್ವರು ಬಂದದ್ದು ಜುಲೈ ಮಳೆಯಲ್ಲಿ. ಮಾಲೀಕರ ಹೆಂಡತಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರು ಮೊದಲ ದಿನ ಕೇಳಿದ್ದು ಆಧಾರ್ ಕಾರ್ಡನ್ನಲ್ಲ. ‘ಮಲಗೋದು ಎಷ್ಟೊತ್ತಿಗೆ, ಏಳೋದು ಎಷ್ಟೊತ್ತಿಗೆ?’ ಎಂದು ಕೇಳಿ, ಬಾಗಿಲ ಪಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ನಾನು ಹಲವು ಊರುಗಳಲ್ಲಿ ಹಲವು ಲಾಡ್ಜುಗಳಲ್ಲಿ ಉಳಿದಿದ್ದೇನೆ, ಆ ಪ್ರಶ್ನೆಯನ್ನು ಇನ್ನೆಲ್ಲೂ ಯಾರೂ ಕೇಳಿಲ್ಲ.

ನನಗೆ ಸಿಕ್ಕಿದ್ದು ಮೊದಲ ಮಹಡಿಯ ಹಿಂಬದಿಯ ಆರನೆಯ ಕೋಣೆ. ಹತ್ತಡಿಗೆ ಹನ್ನೆರಡಡಿ ಇರಬಹುದು. ಒಂದು ಮರದ ಮಂಚ, ಒಂದು ಕಪಾಟು, ಗೋಡೆಯಲ್ಲೊಂದು ಗೂಡು, ಹಲಸಿನ ಮರದ ಕಡೆಗೆ ತೆರೆಯುವ ಎರಡು ಬಾಗಿಲಿನ ಕಿಟಕಿ. ಕಿಟಕಿಗೆ ತೆಳ್ಳನೆಯ ಹೂವಿನ ಪರದೆ ಇತ್ತು, ಅದು ಬೆಳಕನ್ನು ತಡೆಯುವ ಬದಲು ಬಣ್ಣ ಹಚ್ಚಿ ಒಳಗೆ ಬಿಡುತ್ತಿತ್ತು. ಎರಡನೆಯ ದಿನ ನಾನು ಸಂಕೋಚದಿಂದಲೇ ಹೇಳಿದೆ. ಅಕ್ಕ ಒಳಗೆ ಹೋಗಿ ಗದ್ದೆ ಕೆಲಸಕ್ಕೆ ಹೊದೆಯುವ ಕರಿ ಕಂಬಳಿ ತಂದು, ಎರಡು ಮೊಳೆ ಹೊಡೆಸಿ, ಕಿಟಕಿಗೆ ಅಡ್ಡ ತೂಗು ಹಾಕಿಸಿದರು. ಕುರಿಯ ಉಣ್ಣೆಯ ವಾಸನೆ ಮೊದಲೆರಡು ದಿನ ಮೂಗಿಗೆ ಹತ್ತಿತು. ಆಮೇಲೆ ಆ ವಾಸನೆ ಬಂದರೆ ಸಾಕು, ಮಲಗುವ ಹೊತ್ತಾಯಿತು ಎಂದು ಮೈಗೆ ತಿಳಿಯುವಂತಾಯಿತು. ಮಳೆಯನ್ನು ತಡೆಯಲು ನೇಯ್ದ ಕಂಬಳಿ ಬೆಳಕನ್ನೂ ಬೀದಿಯ ಸದ್ದನ್ನೂ ಇಷ್ಟು ಚೆನ್ನಾಗಿ ತಡೆಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಬ್ಲ್ಯಾಕ್‌ಔಟ್ ಪರದೆಗಳನ್ನು ಆಮೇಲೆ ಮನೆಗೆ ಹಾಕಿಸಿದ್ದೇನೆ. ಅವು ಕಂಬಳಿಯಷ್ಟು ಕತ್ತಲೆ ಕೊಡುವುದಿಲ್ಲ.

ಈ ಕತ್ತಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಗಲು ಮಲಗದವರಿಗೆ ಇದು ಅತಿಯಾದ ಆಸೆ ಎಂದು ತೋರಬಹುದು. ನಿದ್ದೆಯನ್ನು ನಮ್ಮೊಳಗೆ ಎರಡು ಶಕ್ತಿಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟು ಹೊತ್ತೂ ಕೂಡುತ್ತ ಹೋಗುವ ನಿದ್ದೆಯ ಹಸಿವು. ಇನ್ನೊಂದು, ಬೆಳಕು ಕತ್ತಲೆಗಳನ್ನು ನೋಡಿ ತಿರುಗುವ ದೇಹದ ಗಡಿಯಾರ. ರಾತ್ರಿಯೆಲ್ಲ ದುಡಿದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ನಿದ್ದೆಯ ಹಸಿವು ತುಂಬಿ ತುಳುಕುತ್ತಿರುತ್ತದೆ, ಆದ್ದರಿಂದ ತಲೆ ಇಟ್ಟೊಡನೆ ನಿದ್ದೆ ಬರುತ್ತದೆ. ಆದರೆ ಎರಡು ಮೂರು ಗಂಟೆಗಳಲ್ಲಿ ಆ ಹಸಿವು ಅರ್ಧ ತೀರುತ್ತದೆ, ಅಷ್ಟು ಹೊತ್ತಿಗೆ ಗಡಿಯಾರ ಮೈಯನ್ನು ಬಿಸಿ ಮಾಡಿ ಎಚ್ಚರದ ಕಡೆಗೆ ಎಳೆಯುತ್ತಿರುತ್ತದೆ. ಹನ್ನೆರಡರ ಸುಮಾರಿಗೆ ಒಂದು ಚಮಚ ಕೆಳಗೆ ಬಿದ್ದರೂ ಸಾಕು, ಕಣ್ಣು ಬಿಟ್ಟುಕೊಳ್ಳುತ್ತದೆ, ಮತ್ತೆ ಮುಚ್ಚುವುದಿಲ್ಲ. ರಾತ್ರಿ ಪಾಳಿಯವರು ‘ಎಷ್ಟೇ ಸುಸ್ತಾಗಿದ್ದರೂ ಮೂರು ಗಂಟೆಗಿಂತ ಹೆಚ್ಚು ಮಲಗಲು ಆಗುವುದಿಲ್ಲ’ ಎನ್ನುವುದು ಇದಕ್ಕೇ. ಹಾಗಾಗಿ ಹಗಲು ಮಲಗುವವರಿಗೆ ಕೋಣೆ ಕೊಡುವವರು ಮುಖ್ಯವಾಗಿ ಕಾಯಬೇಕಾದದ್ದು ಹನ್ನೊಂದೂವರೆಯಿಂದ ಎರಡರವರೆಗಿನ ಹೊತ್ತನ್ನು. ದುರದೃಷ್ಟಕ್ಕೆ ಯಾವ ಲಾಡ್ಜಿನಲ್ಲಾದರೂ ಅತಿ ಹೆಚ್ಚು ಸದ್ದು ಇರುವುದೂ ಅದೇ ಹೊತ್ತಿನಲ್ಲಿ: ಕೋಣೆ ಖಾಲಿ ಮಾಡುವವರು, ಗುಡಿಸುವವರು, ಬಕೆಟ್ಟು, ಕುಕ್ಕರಿನ ಕೂಗು, ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರು.

ಈ ಲಾಡ್ಜು ಗೆದ್ದದ್ದು ಇಲ್ಲೇ. ಮೋಟಾರನ್ನು ಬೆಳಿಗ್ಗೆ ಎಂಟರೊಳಗೆ ಹಾಕಿ ಮುಗಿಸಿಬಿಡುತ್ತಿದ್ದರು. ಮೊದಲ ಮಹಡಿಯನ್ನು ಗುಡಿಸಿ ಒರೆಸುವ ಕೆಲಸವನ್ನು ಮಧ್ಯಾಹ್ನ ಮೂರೂವರೆಯ ನಂತರಕ್ಕೆ ಹಾಕಿದರು. ಕೋಣೆಗಳ ಮುಂದಿನ ಓಣಿಯಲ್ಲಿ ನಡೆಯುವವರು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಡಬೇಕಿತ್ತು. ಕಬ್ಬಿಣದ ಬಕೆಟ್ಟುಗಳನ್ನು ತೆಗೆದು ಪ್ಲಾಸ್ಟಿಕ್ಕಿನವನ್ನು ಇಟ್ಟರು. ಕಸದ ಗಾಡಿಯವರು ಹಾಡು ಹಾಕಿಕೊಂಡು ಬರುತ್ತಿದ್ದುದು ಎಂಟೂವರೆಗೆ, ಅದರ ಮೇಲೆ ಯಾರ ಕೈಯೂ ಇರಲಿಲ್ಲ, ಆದರೆ ನಾವು ಆಗಿನ್ನೂ ಸ್ನಾನ ಮಾಡುತ್ತಿದ್ದೆವು. ಒಮ್ಮೆ ನನ್ನ ಊರಿನಿಂದ ಲಾಡ್ಜಿನ ಫೋನಿಗೆ ಕರೆ ಬಂದಾಗ ಅಕ್ಕ ‘ತುರ್ತಾ? ಅಲ್ಲದಿದ್ರೆ ಮೂರು ಗಂಟೆ ಆಗ್ಲಿ, ಅವಳು ಮಲಗಿದಾಳೆ’ ಎಂದು ನನ್ನ ಅತ್ತೆಗೇ ಹೇಳಿದರಂತೆ. ಅತ್ತೆ ಸಂಜೆ ಅದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ, ಒಂದು ಬಗೆಯ ಸಮಾಧಾನವಿತ್ತು. ತಮ್ಮ ಸೊಸೆಯ ನಿದ್ದೆಯನ್ನು ಯಾರೋ ಬಾಗಿಲಲ್ಲಿ ಕೂತು ಕಾಯುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು.

ಅಲ್ಲಿನ ಊಟದ ಬಗ್ಗೆಯೂ ನಿದ್ದೆಯ ಲೆಕ್ಕದಲ್ಲೇ ಹೇಳುತ್ತೇನೆ. ಪಾಳಿ ಮುಗಿಸಿ ಬಂದವರಿಗೆ ದೋಸೆ, ಕಾಫಿ ಕೊಡುವುದು ಎಲ್ಲ ಕಡೆಯ ಪದ್ಧತಿ. ಕಾಫಿಯ ಕೆಫೀನಿನ ಅರ್ಧಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ ಎಂಟೂವರೆಗೆ ಕುಡಿದ ಕಾಫಿ ಮಧ್ಯಾಹ್ನ ಒಂದೂವರೆಯಲ್ಲೂ ಅರ್ಧ ಉಳಿದಿರುತ್ತದೆ. ಇದನ್ನು ನಾನು ಒಮ್ಮೆ ಹೇಳಿದ್ದಕ್ಕೆ, ಮರುದಿನದಿಂದ ಕುಚ್ಚಲಕ್ಕಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ, ಕೊತ್ತಂಬರಿ ಜೀರಿಗೆಯ ಕಷಾಯ. ಕೆಲವು ದಿನ ಒಂದೆಲಗದ ತಂಬುಳಿ. ಒಂದೆಲಗ ತಿಂದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ನನಗೆ ಅದರಿಂದ ಬಂದದ್ದು ಮನೆಯ ನೆನಪು, ಆ ದಿನಗಳಲ್ಲಿ ಅದೂ ಬೇಕಾಗಿತ್ತು. ಗಂಜಿ ಮಾತ್ರ ನಿಜವಾಗಿಯೂ ಸಹಾಯ ಮಾಡಿತು: ಹೊಟ್ಟೆ ಹಗುರ, ಬಾಯಾರಿಕೆಗೂ ಪರಿಹಾರ. ಪಿಪಿಇ ಕಿಟ್‌ನಲ್ಲಿ ಆರು ಗಂಟೆ ಹನಿ ನೀರಿಲ್ಲದೆ ಇದ್ದು, ಅದನ್ನು ಬಿಚ್ಚಿದೊಡನೆ ಒಂದು ಲೀಟರ್ ನೀರನ್ನು ಒಂದೇ ಉಸಿರಿಗೆ ಕುಡಿಯುವುದು ನಮ್ಮೆಲ್ಲರ ಅಭ್ಯಾಸವಾಗಿತ್ತು. ಹಾಗೆ ಕುಡಿದವರು ಹನ್ನೊಂದಕ್ಕೆ ಶೌಚಕ್ಕೆಂದು ಏಳುತ್ತಿದ್ದರು, ಎದ್ದ ಮೇಲೆ ನಿದ್ದೆ ಮುಗಿದಂತೆಯೇ. ನಿಧಾನವಾಗಿ, ಗಂಜಿಯ ಜೊತೆ, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕುಡಿಯುವುದನ್ನು ನಾನು ಕಲಿತದ್ದು ಆ ಜಗಲಿಯಲ್ಲಿ ಕೂತು.

ಇನ್ನೊಂದು ಸಣ್ಣ ವಿಷಯ. ಆಸ್ಪತ್ರೆಯಿಂದ ಲಾಡ್ಜಿಗೆ ನಡೆದು ಬರುವ ಹದಿನೈದು ನಿಮಿಷಗಳ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಅದನ್ನು ದಿನದ ಆರಂಭವೆಂದೇ ಓದಿಕೊಳ್ಳುತ್ತದೆ, ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಇಳಿಯುತ್ತದೆ. ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಲಾಡ್ಜಿನ ಬಾಗಿಲ ಹಿಂದೆ ನೇತುಹಾಕಿದ್ದ ನಾಲ್ಕು ದೊಡ್ಡ ಕರಿ ಕೊಡೆಗಳನ್ನು ಮಳೆ ನಿಂತ ಮೇಲೂ ನಾವು ಒಯ್ಯುತ್ತಿದ್ದೆವು. ಅಕ್ಟೋಬರಿನ ಬಿಸಿಲಲ್ಲಿ ನಾಲ್ವರು ಕೊಡೆ ಬಿಡಿಸಿ ಸಾಲಾಗಿ ನಡೆದು ಬರುವುದನ್ನು ಬೀದಿಯವರು ನಿಂತು ನೋಡುತ್ತಿದ್ದರು.

ಅದೇ ಅಕ್ಟೋಬರಿನಲ್ಲಿ ನಾನು ಆ ಪ್ರಶ್ನಾವಳಿಯನ್ನು ಮತ್ತೆ ತುಂಬಿದೆ: 8. ಒಳ್ಳೆಯ ನಿದ್ದೆ ಎನ್ನಿಸಿಕೊಳ್ಳಲು ಇನ್ನೂ ಮೂರು ಅಂಕ ಇಳಿಯಬೇಕಿತ್ತು. ಆದರೆ 14ರಿಂದ 8ಕ್ಕೆ ಬಂದದ್ದು ಮಾತ್ರೆಯಿಂದಲ್ಲ. ನಮ್ಮಲ್ಲಿ ಕೆಲವರು ನಿದ್ದೆಗೆಂದು ಶೀತದ ಮಾತ್ರೆ ನುಂಗುತ್ತಿದ್ದರು, ಅದರ ಮಂಪರು ಪಾಳಿಯ ನಡುವೆ ಬಂದು ಕೂರುತ್ತದೆ, ಆ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಅಂಕ ಇಳಿದದ್ದು ಒಂದು ಕಂಬಳಿಯಿಂದ, ಬದಲಾದ ಮೋಟಾರಿನ ಹೊತ್ತಿನಿಂದ ಮತ್ತು ಬಾಗಿಲು ತಟ್ಟದೆ ಇದ್ದ ಕೈಗಳಿಂದ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಹಾಸಿಗೆ ನಡುವೆ ಕುಸಿದಿತ್ತು, ಎಡಕ್ಕೆ ತಿರುಗಿ ಮಲಗಿದರೆ ಬೆನ್ನು ಹಿಡಿಯುತ್ತಿತ್ತು. 2021ರ ಜನವರಿಯಲ್ಲಿ ಕೇಳಿಕೊಂಡ ಮೇಲೆ ಬೂರುಗದ ಹತ್ತಿಯ ಹೊಸ ಹಾಸಿಗೆ ಬಂತು, ಅಲ್ಲಿಯವರೆಗೆ ಆರು ತಿಂಗಳು ಅದೇ ಗುಂಡಿಯಲ್ಲಿ ಮಲಗಿದ್ದೇವೆ. ಶೌಚಾಲಯ ಓಣಿಯ ತುದಿಯಲ್ಲಿ, ಅಲ್ಲಿನ ದೀಪ ಬಿಳಿಯದು, ಬಹಳ ಪ್ರಖರವಾದದ್ದು, ನಡುವೆ ಎದ್ದು ಹೋದವರ ನಿದ್ದೆಯನ್ನು ಅದೇ ಓಡಿಸಿಬಿಡುತ್ತದೆ. ಮೇಲಿನ ಮಹಡಿಯ ಮೂರು ಕೋಣೆಗಳಿಗೆ ತಗಡಿನ ಛಾವಣಿ. ಅವುಗಳಲ್ಲಿ ಹಗಲು ಮಲಗಲು ಸಾಧ್ಯವೇ ಇಲ್ಲ. ಏಪ್ರಿಲಿನಲ್ಲಿ ಜನ ಹೆಚ್ಚಾದಾಗ ನಾನು ಐದು ದಿನ ಅಲ್ಲಿದ್ದೆ. ನಿದ್ದೆ ಬರಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕು, ತಗಡಿನ ಕೆಳಗೆ ಹನ್ನೊಂದು ಗಂಟೆಗೇ ತಲೆದಿಂಬು ಬೆಚ್ಚಗಾಗುತ್ತಿತ್ತು. ಮಳೆಗಾಲದಲ್ಲಿ ಅಲ್ಲಿನ ತೊಂದರೆ ಬೇರೆ. ಹಿಂಬದಿಯ ಕೋಣೆಯಲ್ಲಿ ಹಲಸಿನ ಎಲೆಗಳ ಮೇಲೆ ಬೀಳುವ ಮಳೆ ಒಂದೇ ಸಮನೆ ಕೇಳುತ್ತ ಉಳಿದೆಲ್ಲ ಸದ್ದುಗಳನ್ನು ಮುಚ್ಚುತ್ತದೆ, ಆಷಾಢದ ಜಡಿಮಳೆಯಲ್ಲಿ ನಾನು ಮಲಗಿದಷ್ಟು ಆಳವಾಗಿ ಬೇರೆ ಯಾವ ತಿಂಗಳಲ್ಲೂ ಮಲಗಿಲ್ಲ. ಅದೇ ಮಳೆ ತಗಡಿನ ಮೇಲೆ ಬಿದ್ದರೆ ಚೆಂಡೆ ಬಾರಿಸಿದಂತೆ.

2021ರ ಮೇ ತಿಂಗಳ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಎರಡನೆಯ ಅಲೆಯಲ್ಲಿ ಕೋಣೆ ಅದೇ ಇತ್ತು, ಕಂಬಳಿ ಅದೇ ಇತ್ತು, ಲಾಕ್‌ಡೌನಿನಿಂದ ಬೀದಿ ಹಿಂದೆಂದಿಗಿಂತ ನಿಶ್ಶಬ್ದವಾಗಿತ್ತು, ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಮಾನಿಟರಿನ ಸದ್ದು ಕೇಳುತ್ತಿತ್ತು. ಎದ್ದು ಕೂತರೆ ಕೋಣೆಯಲ್ಲಿ ಫ್ಯಾನು ಬಿಟ್ಟು ಬೇರೇನೂ ಇಲ್ಲ. ಹಿಂದಿನ ರಾತ್ರಿ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಇಳಿಯುತ್ತಿದ್ದವರು ಈಗ ಹೇಗಿದ್ದಾರೋ ಎಂದು ವಾರ್ಡಿನ ಗುಂಪಿನ ಸಂದೇಶಗಳನ್ನು ನೋಡುತ್ತಿದ್ದೆ, ನೋಡಿದ ಮೇಲೆ ಇನ್ನೂ ಎಚ್ಚರ. ಮನೆಯಲ್ಲಿದ್ದ ಮಗನನ್ನು ಇಪ್ಪತ್ತೆರಡು ದಿನ ವಿಡಿಯೊದಲ್ಲಷ್ಟೇ ನೋಡಿದೆ. ಸಾಗರ, ಸೊರಬದ ಕಡೆ ಕೆಲಸ ಮಾಡಿದ ನಮ್ಮಲ್ಲಿ ಹಲವರಿಗೆ ಕಾಯಿಲೆಯ ಭಯ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈಗಲೂ ನಮ್ಮ ಜಿಲ್ಲೆಯನ್ನು ಬಿಟ್ಟಿಲ್ಲ, 2019ರಲ್ಲಿ ಅರಳಗೋಡಿನ ಕಡೆ ಅದು ತಂದ ಸಾವುಗಳನ್ನು ನಾವು ಕಂಡಿದ್ದೇವೆ. ಆದರೆ ಅದು ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ, ಬೇಸಿಗೆಯಲ್ಲಿ ಏರಿ ಮಳೆ ಹಿಡಿದಾಗ ಇಳಿಯುತ್ತದೆ, ರೋಗಿಯಿಂದ ನಮಗೆ, ನಮ್ಮಿಂದ ಮಕ್ಕಳಿಗೆ ದಾಟುವ ಭಯ ಅದರಲ್ಲಿಲ್ಲ. ಕೋವಿಡ್ ನಮ್ಮ ಕೈಗಳನ್ನೇ ನಮಗೆ ಅಪರಿಚಿತ ಮಾಡಿತ್ತು.

ಆ ದಿನಗಳಲ್ಲಿ ಮತ್ತೆ ಅಂಕ ಹಾಕಿಕೊಂಡೆ: 12. ಕೋಣೆ ಎಷ್ಟೇ ಚೆನ್ನಾಗಿದ್ದರೂ ಮನಸ್ಸಿನಲ್ಲಿ ನಡೆಯುವುದನ್ನು ಅದು ನಿಲ್ಲಿಸಲಾರದು. ಇದನ್ನು ಲಾಡ್ಜಿನ ಕೊರತೆ ಎಂದು ಬರೆಯುತ್ತಿಲ್ಲ. ಆದರೂ ಅಲ್ಲಿ ಸಿಕ್ಕ ಒಂದು ಸಹಾಯವನ್ನು ಹೇಳಬೇಕು. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ವೈದ್ಯರು ಹೇಳುವ ವರ್ತನಾ ಚಿಕಿತ್ಸೆಯಲ್ಲಿ ಒಂದು ನಿಯಮವಿದೆ: ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡುತ್ತ ಇರಬಾರದು, ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಾತ್ರ ಮರಳಬೇಕು. ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮೈ ಕಲಿತುಬಿಡಬಾರದು ಎನ್ನುವುದು ಅದರ ತಿರುಳು. ಎದ್ದು ಹೋಗಲು ಬೇರೆ ಜಾಗ ಇರುವ ವಸತಿ ಎಷ್ಟಿವೆ? ಇಲ್ಲಿ ಮೆಟ್ಟಿಲ ಕೆಳಗೆ ನೆರಳಿನಲ್ಲಿ ಒಂದು ಮರದ ಬೆಂಚಿತ್ತು. ಅಕ್ಕ ಎದುರಿಗೆ ಮಣೆಯ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ನಾನು ಬಂದು ಕೂತರೆ ಒಂದು ಮೊರ ನನ್ನ ಕಡೆಗೂ ಸರಿಸುತ್ತಿದ್ದರು. ವಾರ್ಡಿನಲ್ಲಿ ಎಷ್ಟು ಜನ ಹೋದರು ಎಂದು ಊರೆಲ್ಲ ನಮ್ಮನ್ನು ಕೇಳುತ್ತಿದ್ದ ಆ ತಿಂಗಳಲ್ಲಿ ಅವರು ಒಮ್ಮೆಯೂ ಕೇಳಲಿಲ್ಲ. ಅರ್ಧ ಗಂಟೆ ಬೀಜ ಬಿಡಿಸಿ ಮೇಲೆ ಹೋದರೆ ಕೆಲವು ದಿನ ನಿದ್ದೆ ಹತ್ತುತ್ತಿತ್ತು, ಕೆಲವು ದಿನ ಇಲ್ಲ. ನಿದ್ದೆ ಬಾರದ ಸ್ಥಿತಿ ವಾರಗಟ್ಟಲೆ ಮುಂದುವರಿದವರು ವೈದ್ಯರನ್ನು ಕಾಣಲೇಬೇಕು. ಈಗಾದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಆ ಸೇವೆ ನಮ್ಮ ಆ ಮೇ ತಿಂಗಳಲ್ಲಿ ಇರಲಿಲ್ಲ.

ಈಗಿನ ಸ್ಥಿತಿ. ಕೋವಿಡ್ ವಾರ್ಡುಗಳು ಮುಚ್ಚಿದವು, ರಾತ್ರಿ ಪಾಳಿ ಉಳಿಯಿತು. ಸತತ ನಾಲ್ಕು ರಾತ್ರಿ ಬಿದ್ದರೆ ನಾನು ಊರಿಗೆ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ಬದಲು ಇಲ್ಲಿಗೇ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ಕೊನೆಯ ಬಾರಿ ಉಳಿದಾಗ ದಿನಕ್ಕೆ 700 ರೂಪಾಯಿ ತೆಗೆದುಕೊಂಡರು, ಗಂಜಿಗೆ ಬೇರೆ ಹಣವಿಲ್ಲ. ಮಾಲೀಕರಿಗೆ ವಯಸ್ಸಾಗಿದೆ, ಮಗ ನೋಡಿಕೊಳ್ಳುತ್ತಿದ್ದಾರೆ. ಅವರು ಕೆಲವು ಬದಲಾವಣೆ ಮಾಡಿದ್ದಾರೆ, ಎಲ್ಲವೂ ನನಗೆ ಒಪ್ಪಿಗೆಯಿಲ್ಲ. ಶೌಚಾಲಯಕ್ಕೆ ಹಳದಿ ಬಣ್ಣದ ಸಣ್ಣ ದೀಪ ಬಂದಿದೆ, ಇದು ಬಹಳ ಒಳ್ಳೆಯದು. ಪ್ರತಿ ಕೋಣೆಗೂ ಟಿವಿ ಬಂದಿದೆ, ಪಕ್ಕದ ಕೋಣೆಯಲ್ಲಿ ಕ್ರಿಕೆಟ್ ನಡೆದರೆ ಗೋಡೆಯ ಮೂಲಕ ಕೇಳುತ್ತದೆ. ಕೆಳಗಿನ ಮೇಜಿನ ಮೇಲೆ ಕರೆಗಂಟೆ ಇಟ್ಟಿದ್ದಾರೆ, ಹಗಲು ಹನ್ನೆರಡಕ್ಕೆ ಯಾರೋ ಅದನ್ನು ಒತ್ತಿದಾಗ ನಾನು ಎದ್ದು ಕೂತೆ. ಹೇಳಿದೆ. ಆ ನಾಲ್ಕು ದಿನ ಅದನ್ನು ಮೇಜಿನ ಡ್ರಾಯರಿಗೆ ಹಾಕಿದ್ದರು, ಶಾಶ್ವತವಾಗಿ ತೆಗೆಯುವುದಾಗಿ ಒಪ್ಪಿಲ್ಲ. ಮುಂಭಾಗದ ಕೋಣೆಗಳಿಗೆ ಹೊಸ ನಾಮಫಲಕದ ಬೆಳಕು ನೇರವಾಗಿ ಬೀಳುತ್ತದೆ. ಅದು ರಾತ್ರಿ ಮಲಗುವವರ ತೊಂದರೆ, ಆದರೂ ತಿಳಿದಿರಲಿ.

ಪ್ರವಾಸಕ್ಕೆ ಬರುವ ಕುಟುಂಬಗಳಿಗೆ ಇದಕ್ಕಿಂತ ಅನುಕೂಲವಾದ ಲಾಡ್ಜುಗಳು ಇದೇ ಊರಿನಲ್ಲಿ ಬೇಕಾದಷ್ಟಿವೆ. ನಾನು ಇದನ್ನು ಹೇಳುವುದು ಪಾಳಿ ಕೆಲಸದವರಿಗೆ: ಆಸ್ಪತ್ರೆಯವರಿಗೆ, 108ರ ಆಂಬುಲೆನ್ಸಿನವರಿಗೆ, ರಾತ್ರಿ ಬಸ್ಸಿನ ಚಾಲಕರಿಗೆ, ಮೆಸ್ಕಾಂ ಲೈನ್‌ಮನ್‌ಗಳಿಗೆ. ಮುಂದೆ ಇಂಥದೊಂದು ಕಾಲ ಮತ್ತೆ ಬಂದು ಸಿಬ್ಬಂದಿಗೆ ವಸತಿ ಹುಡುಕಬೇಕಾದ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಅವರಲ್ಲೂ ಒಂದು ಬೇಡಿಕೆ. ಕೋಣೆ ನೋಡಲು ಹೋಗುವಾಗ ಸಂಜೆ ಹೋಗಬೇಡಿ, ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಮಂಚದ ಮೇಲೆ ಮಲಗಿ ನೋಡಿ. ಒಂದೇ ಪಾಳಿಯವರನ್ನು ಒಂದೇ ಕೋಣೆಯಲ್ಲಿ ಹಾಕಿ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಹೋಗುವವರು ಐದು, ಆರು ಅಥವಾ ಏಳನೆಯ ಕೋಣೆಯನ್ನೇ ಕೇಳಿ. ಮೇಲಿನ ಮಹಡಿಯದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಹಿಂದಿನ ಸಂಜೆಯೇ ಫೋನ್ ಮಾಡಿ ‘ರಾತ್ರಿ ಪಾಳಿ’ ಎಂದು ಮಾತ್ರ ಹೇಳಿದರೆ ಸಾಕು, ಬೆಳಿಗ್ಗೆ ನೀವು ಹೋಗುವ ಹೊತ್ತಿಗೆ ಮೋಟಾರು ನಿಂತಿರುತ್ತದೆ, ಕಿಟಕಿಗೆ ಕಂಬಳಿ ಬಿದ್ದಿರುತ್ತದೆ. ಕಂಬಳಿ ಈಗಲೂ ಅದೇ. ಒಂದು ಮೂಲೆ ಹರಿದಿದೆ, ಅಲ್ಲಿಂದ ಹತ್ತೂವರೆಯ ಸುಮಾರಿಗೆ ಒಂದು ಸಣ್ಣ ಬೆಳಕು ಗೋಡೆಯ ಮೇಲೆ ಬೀಳುತ್ತದೆ. ತಲೆದಿಂಬನ್ನು ಕಪಾಟಿನ ಕಡೆಗೆ ಹಾಕಿಕೊಂಡು ಮಲಗಿ.